ಬಂದೂಕಿನಂಗಡಿಯ ಮಜ್ಜಿಗೆ

ಹೋದ ವಾರ ನನ್ನ ಹೊಲಿಗೆ ಯಂತ್ರ ತಿರುಗಲೊಲ್ಲದೆ ನಿಂತಿತು. ರಿಪೇರಿಯವನನ್ನು ಕರೆಸಿದೆ. ಅವನು ಪಡಸಾಲೆಯಲ್ಲಿ ಹಳೆಯ ಪೇಪರು ಹಾಸಿ, ಯಂತ್ರವನ್ನು ಮಗ್ಗುಲಿಗೆ ಮಲಗಿಸಿ, ಮೂತಿ ಚೂಪಾದ ಸಣ್ಣ ಡಬ್ಬಿಯಿಂದ ಸಂದುಸಂದಿಗೆ ಎಣ್ಣೆ ಬಿಟ್ಟ. ಕಬ್ಬಿಣ, ಎಣ್ಣೆ, ಒರೆಸಿ ಒರೆಸಿ ಕಪ್ಪಾದ ಅರಿವೆ... ಮೂರೂ ಕೂಡಿದ ಆ ವಾಸನೆ ಅಡಿಗೆಮನೆಯವರೆಗೆ ಬಂತು.

"ಚಾ ಮಾಡ್ಲೇನಪಾ?" ಎಂದು ಒಳಗಿನಿಂದ ಕೇಳಿದೆ.

"ಬಿಸಲು ಭಾಳ ಐತ್ರಿ ಅಕ್ಕಾರ. ಮಜ್ಜಿಗಿ ಇದ್ರ ಕೊಡ್ರಿ."

ಮಜ್ಜಿಗೆಯ ಗಡಿಗೆಗೆ ಸೌಟು ಹಾಕಿದವಳು ಹಾಗೇ ನಿಂತೆ. ಎಣ್ಣೆಯ ವಾಸನೆ ಮೂಗಿನಲ್ಲಿ, ಮಜ್ಜಿಗೆಯ ತಂಪು ಕೈಯಲ್ಲಿ. ಇವೆರಡೂ ಕೂಡಿದ ಜಾಗ ನನ್ನ ಬದುಕಿನಲ್ಲಿ ಒಂದೇ ಒಂದು ಇತ್ತು. ಈಗ ಅದು ನೀರಿನ ಕೆಳಗಿದೆ.

ನಾನು ಬಾದಾಮಿಯಿಂದ ಸೊಸೆಯಾಗಿ ಬಾಗಲಕೋಟೆಗೆ ಬಂದದ್ದು ಎಪ್ಪತ್ತರ ದಶಕದ ನಡುವಿನಲ್ಲಿ. ನಮ್ಮ ಅಡಿಗೆಮನೆಯ ಗೋಡೆಯ ಆಚೆ ಒಂದು ಬಂದೂಕಿನಂಗಡಿ. ಎರಡಕ್ಕೂ ಒಂದೇ ಗೋಡೆ, ಆ ಗೋಡೆಯಲ್ಲಿ ಒಂದು ಮೊಳದ ಕಿಂಡಿ, ಕಿಂಡಿಗೆ ಒಂದು ಕಟ್ಟಿಗೆಯ ಬಾಗಿಲು. ಮೊದಲ ದಿನ ಒಲೆಯ ಮುಂದೆ ಕುಳಿತು ಆ ಕಿಂಡಿಯಿಂದ ನೋಡಿದಾಗ, ಸರಪಳಿ ಹಾಕಿ ಸಾಲಾಗಿ ನಿಲ್ಲಿಸಿದ ಬಂದೂಕುಗಳು ಕಂಡು ನನ್ನ ಕೈಯ ಹಿಟ್ಟು ಕೆಳಗೆ ಬಿದ್ದಿತ್ತು.

ಅಂಗಡಿಯವರನ್ನು ಊರೆಲ್ಲ ಕಾಕಾ ಎನ್ನುತ್ತಿತ್ತು. ನಾನೂ ಅಂದೆ. ಸಣ್ಣ ಆಳು, ಬಿಳಿ ಧೋತರ, ಕರಿ ಕೋಟು, ತಲೆಗೆ ಟೋಪಿ. ದೀಪಾವಳಿ ಬಂದರೆ ಕಿವಿಗೆ ಹತ್ತಿ ತುರುಕಿಕೊಂಡು ಕೂಡುತ್ತಿದ್ದರು. ಪಟಾಕಿ ಸಪ್ಪಳಕ್ಕೆ ಅಷ್ಟು ಅಂಜಿಕೆ. ಓಣಿಯ ಗಂಡಸರು ನಗುತ್ತಿದ್ದರು. "ಏ ಕಾಕಾ, ಹಾವ ಮಾರಾವ ಹುಳಕ್ಕ ಅಂಜಿದಂಗ ಆತಲ್ರಿ!" ಕಾಕಾ ಹತ್ತಿಯನ್ನು ಇನ್ನಷ್ಟು ಒಳಗೆ ಒತ್ತಿಕೊಂಡು, "ಕೇಳಸೂದಿಲ್ಲ, ನಾಳೆ ಬರ್ರಿ" ಎನ್ನುತ್ತಿದ್ದರು.

ಆಗ ನಮ್ಮದು ವಿಜಾಪುರ ಜಿಲ್ಲೆ. ಬಂದೂಕಿನ ಲೈಸೆನ್ಸು ಅಲ್ಲಿಯ ಕಲೆಕ್ಟರ ಕಚೇರಿಯಿಂದ ಬರಬೇಕಿತ್ತು. ಹೊಲದಲ್ಲಿ ಹಂದಿ ಕಾಯುವವನಿಗೆ ಅದು ಮೂರು ವರ್ಷವಾದರೂ ಬರುತ್ತಿರಲಿಲ್ಲ. ಲೀಡರರ ಚೀಟಿ ತಂದವನಿಗೆ ಮೂರು ವಾರದಲ್ಲಿ ಬರುತ್ತಿತ್ತು. ಚುನಾವಣೆ ಬರುವ ಸುಳಿವು ಹತ್ತಿದರೆ ಸಾಕು, ಹೊಸ ಲೈಸೆನ್ಸಿನವರು ಅಂಗಡಿಯ ಕಟ್ಟೆ ತುಂಬುತ್ತಿದ್ದರು. ಚುನಾವಣೆ ಸಾರಿದ ಮೇಲೆ ಅವೇ ಬಂದೂಕುಗಳನ್ನು ತಂದು ಠಾಣೆಗೆ ಒಪ್ಪಿಸಬೇಕೆಂದು ಹುಕುಂ ಬರುತ್ತಿತ್ತು. ಎಲ್ಲಾದರೂ ಗಲಾಟೆಯಾದರೆ ಇನ್ನೊಂದು ಹುಕುಂ, ಅದು ಆರಿದ ಮೇಲೆ ಆ ಹುಕುಂ ರದ್ದು. ಕಾಕಾ ಎಲ್ಲ ಹುಕುಂಗಳನ್ನೂ ಒಂದು ತಂತಿಗೆ ಚುಚ್ಚಿ ತೂಗುಹಾಕಿದ್ದರು. ಒಂದನ್ನೂ ಮೀರಿದವರಲ್ಲ. ಆದರೆ ಒಮ್ಮೆ ಆ ತಂತಿಯನ್ನು ನೋಡುತ್ತ ನನಗೆ ಹೇಳಿದ್ದರು: "ಸರಕಾರಕ್ಕ ಕಾಗದ ಕಾಣತೈತಿ ತಂಗಿ, ಕಾಗದದ ಹಿಂದಿನ ಮನಿ ಕಾಣೂದಿಲ್ಲ."

ಮನೆ ಕಾಣಲು ಕಾಕಾ ತಮ್ಮದೇ ಒಂದು ಪದ್ಧತಿ ಮಾಡಿಕೊಂಡಿದ್ದರು. ಯಾವ ಕಾಯಿದೆಯಲ್ಲೂ ಇಲ್ಲದ್ದು.

ಬಂದೂಕು ಕೊಳ್ಳಲು ಬಂದವನ ಲೈಸೆನ್ಸು ನೋಡಿ, ನಂಬರು ಬರೆದುಕೊಂಡು, "ಎಲ್ಲಾ ಬರೋಬ್ಬರಿ ಐತ್ರಿ. ಇನ್ನ ಮನಿಯವ್ರನ್ನ ಕರಕೊಂಡು ಬರ್ರಿ" ಎನ್ನುತ್ತಿದ್ದರು. ಹೆಂಡತಿ ಇಲ್ಲದಿದ್ದರೆ ತಾಯಿ. "ಬಂದೂಕ ಎಲ್ಲಿ ತೂಗಹಾಕಬೇಕು, ಹುಡುಗರ ಕೈಗೆ ಸಿಗದಂಗ ತೋಟಾ ಗುಂಡು ಎಲ್ಲಿ ಇಡಬೇಕು, ಎಲ್ಲಾ ಅವರಿಗೇ ತೋರಸ್ಬೇಕ್ರಿ. ಮನಿ ನೋಡಾವ್ರು ಅವರಲ್ಲ?" ಗಂಡಸರು ಗೊಣಗುತ್ತಿದ್ದರು. "ಬಂದೂಕ ತಗೊಳ್ಳಾಕ ಬಂದೀನೋ ಸೀರಿ ತಗೊಳ್ಳಾಕ ಬಂದೀನೋ?" ಎಂದು ಕಲಾದಗಿಯ ಕಡೆಯವನೊಬ್ಬ ಕೇಳಿದ್ದು ನೆನಪಿದೆ. ಆದರೂ ಮುಂದಿನ ವಾರ ಕರೆದುಕೊಂಡು ಬರುತ್ತಿದ್ದರು.

ಬಂದ ಹೆಂಗಸು ಅಂಗಡಿಯಲ್ಲಿ ನಿಲ್ಲುತ್ತಿರಲಿಲ್ಲ. "ಒಳಗ ಹೋಗಿ ನೀರು ಕುಡೀರಿ ಯವ್ವಾ" ಎಂದು ಕಾಕಾ ಕಳಿಸುತ್ತಿದ್ದರು. ಮೊದಲು ಅವರ ಹೆಂಡತಿ ಆ ಹೆಂಗಸರ ಜೋಡಿ ಕೂಡುತ್ತಿದ್ದರಂತೆ. ಅವರು ತೀರಿದ ಮೇಲೆ ಕಾಕಾನ ಒಲೆ ಆರಿತು. ಆ ಕೆಲಸ ನಮ್ಮ ಅಡಿಗೆಮನೆಗೆ, ನನಗೆ ಬಂತು. ನಾನು ಮಣೆ ಹಾಕಿ, ನೀರು ಕೊಟ್ಟು, ತವರು ಯಾವುದು, ಮಕ್ಕಳೆಷ್ಟು ಎಂದು ಕೇಳಿ, ಕಡೆಗೆ ಮೆಲ್ಲಗೆ ಕೇಳಬೇಕು: "ಬಂದೂಕ ಮನಿಗೆ ಬರೂದು ನಿಮಗ ಒಪ್ಪಿಗಿ ಐತ್ಯೇನ್ರಿ?"

ಹೆಚ್ಚಿನವರು ಮೊದಲು ನಗುತ್ತಿದ್ದರು. ತಮ್ಮನ್ನು ಯಾರಾದರೂ ಇಂಥದ್ದನ್ನು ಕೇಳಬಹುದೆಂದೇ ಅವರಿಗೆ ಅನಿಸಿರಲಿಲ್ಲ. ಆಮೇಲೆ ಮಾತು ಬರುತ್ತಿತ್ತು.

"ಹಂದಿ ಕಾಟಕ್ಕ ಜೀವ ಸಾಕಾಗೇತ್ರಿ, ಇವತ್ತೇ ಕೊಡಸ್ರಿ" ಎಂದವಳೊಬ್ಬಳು.

"ನಮ್ಮ ಬಾದಾಮಿ ಮಂಗ್ಯಾಗೋಳು ಬಂದೂಕಕ್ಕೂ ಅಂಜೂದಿಲ್ಲ ತಗೀರಿ. ಆದ್ರ ಇವರಿಗೆ ಅದನ್ನ ಹೆಗಲಿಗೆ ಹಾಕ್ಕೊಂಡು ತಿರಗೂ ಹೌಸಿ" ಎಂದು ನಕ್ಕವಳು ಇನ್ನೊಬ್ಬಳು.

"ಕುಡದು ಬಂದಾಗ ಇವರ ಕೈಯಾಗ ಬಡಿಗಿ ಇದ್ರ ಅಡಗಸಿಡ್ತೀನ್ರಿ ನಾ. ಬಂದೂಕ ಎಲ್ಲಿ ಅಡಗಸಿಡ್ಲಿ?" ಎಂದು ಕೇಳಿದವಳ ಮುಖ ನನಗೆ ಈಗ ಕಾಣುವುದಿಲ್ಲ. ಬಳೆ ಇಲ್ಲದ ಎಡಗೈ ಮಾತ್ರ ಕಾಣುತ್ತದೆ...

ಆ ಉತ್ತರವನ್ನು ನಾನು ಕಿಂಡಿಯಿಂದ ದಾಟಿಸುತ್ತಿದ್ದೆ. ಅವಳು ಹೂಂ ಅಂದಿದ್ದರೆ ಎರಡು ಲೋಟ ಚಹಾ. ಬೇಡ ಅಂದಿದ್ದರೆ ಎರಡು ಲೋಟ ಮಜ್ಜಿಗೆ. ಚಹಾ ಬಂದರೆ ಕಾಕಾ ಸರಪಳಿಯ ಕೀಲಿ ತೆಗೆಯುತ್ತಿದ್ದರು. ಮಜ್ಜಿಗೆ ಬಂದರೆ, "ಸದ್ಯ ಮಾಲು ಇಲ್ರಿ, ಹುಬ್ಬಳ್ಳಿಯಿಂದ ಬರಬೇಕು. ತಡಾ ಆಗತೈತಿ" ಎನ್ನುತ್ತಿದ್ದರು. ನಿಂತ ಬಂದೂಕುಗಳನ್ನು ತೋರಿಸಿ ಕೇಳಿದರೆ, "ಅವು ಬ್ಯಾರೆಯವ್ರಿಗೆ ಮಾತಾಗ್ಯಾವ್ರಿ." ಗಂಡಂದಿರು ಇಂಗು ಜೀರಿಗೆ ಹಾಕಿದ ನನ್ನ ಮಜ್ಜಿಗೆಯನ್ನು ಕುಡಿದು, ಬಾಯಿ ಒರೆಸಿಕೊಂಡು, "ಮಜ್ಜಿಗಿ ಭಾಳ ಚಲೋ ಐತಿ" ಎಂದು ಹೇಳಿ ಹೋಗುತ್ತಿದ್ದರು. ತಾವು ಕುಡಿದದ್ದು ಹೆಂಡತಿಯ 'ಬೇಡ' ಎಂದು ಒಬ್ಬನಿಗೂ ಗೊತ್ತಾಗಲಿಲ್ಲ.

ಈ ಪದ್ಧತಿ ಯಾಕೆ ಬಂತೆಂದು ಒಮ್ಮೆ ಕೇಳಿದ್ದೆ. ಬಹಳ ಹಿಂದೆ ಯಾವುದೋ ಹಳ್ಳಿಯ ಒಬ್ಬ ತಾಯಿ, ಮಗನಿಗೆ ಕಾಕಾ ಮಾರಿದ್ದ ಬಂದೂಕನ್ನು ಕೌದಿಯಲ್ಲಿ ಸುತ್ತಿ ತಂದು ಮೇಜಿನ ಮೇಲೆ ಇಟ್ಟಳಂತೆ. "ಕೊಡೂಕಿಂತ ಮೊದಲ ನನ್ನ ಒಂದು ಮಾತು ಕೇಳಬೇಕಿತ್ತು ನೋಡ್ರಿ" ಎಂದಳಂತೆ. ಅಷ್ಟು ಹೇಳಿ ಕಾಕಾ ಅರಿವೆ ತೆಗೆದುಕೊಂಡು ಬಂದೂಕಿನ ನಳಿಗೆ ಒರೆಸತೊಡಗಿದರು. ಆ ಮಗ ಏನಾದ, ಯಾರು ಏನಾದರು, ನನಗೆ ಕಡೆಗೂ ಗೊತ್ತಾಗಲಿಲ್ಲ.

ನಮ್ಮಿಬ್ಬರ ಈ ಗುಟ್ಟು ನನ್ನ ಅತ್ತೆಯವರಿಗೂ ಗೊತ್ತಿರಲಿಲ್ಲ. ಗೊತ್ತು ಮಾಡಿದ್ದರೆ... ಎಂದು ಎಷ್ಟು ಸಲ ಅಂದುಕೊಂಡಿದ್ದೇನೋ.

ಎಂಬತ್ತರ ದಶಕ ಆಗಷ್ಟೇ ಹಿಡಿದಿತ್ತು. ಚುನಾವಣೆಯ ಗಾಳಿ ಎದ್ದಿತ್ತು. ಹುನಗುಂದದ ಕಡೆಯ ಧಣಿಯೊಬ್ಬರು ಹೊಸ ಲೈಸೆನ್ಸು ಹಿಡಿದು ಜೀಪಿನಲ್ಲಿ ಬಂದರು. ರಾಜಕೀಯದಲ್ಲಿ ದೊಡ್ಡ ಕೈ. ಅವರ ಚೀಟಿಯಿಂದಲೇ ಎಷ್ಟೋ ಜನರಿಗೆ ಲೈಸೆನ್ಸು ಸಿಕ್ಕಿತ್ತು. ಕಾಕಾ ಅವರಿಗೂ ಅದೇ ಮಾತು ಹೇಳಿದರು. ಧಣಿ ಗಟ್ಟಿಯಾಗಿ ನಕ್ಕರು.

"ಏನ್ರಿ ಕಾಕಾ, ನೀವು ಬಂದೂಕ ಕೊಡಾವ್ರೋ, ಹೆಣ್ಣ ಕೊಡಾವ್ರೋ? ಮನಿ ಮಂದಿನೆಲ್ಲಾ ನೋಡ್ಬೇಕಂತೀರಿ!"

"ನಿಮಗೊಂದು, ಇನ್ನೊಬ್ಬರಿಗೊಂದು ಮಾಡಾಕ ಬರೂದಿಲ್ರಿ ಧಣ್ಯಾರ. ಅವ್ವಾರನ್ನ ಕರಕೊಂಡು ಬರ್ರಿ."

ನಾಲ್ಕು ದಿನ ಬಿಟ್ಟು ಧಣಿ ಹೆಂಡತಿಯನ್ನು ಕರೆತಂದರು. ದೊಡ್ಡ ಕೆಂಪು ಸೆರಗಿನ ಇಳಕಲ್ ಸೀರೆ, ತಲೆತುಂಬ ಹೊದ್ದುಕೊಂಡಿದ್ದರು. ದೊಡ್ಡ ಮನೆಯವರನ್ನು ಒಲೆಯ ಮುಂದೆ ಕೂಡಿಸುವುದು ಹೇಗೆಂದು ನಾನು ಒಳಕೋಣೆಯಲ್ಲಿ ಜಮಖಾನೆ ಹಾಸಿದೆ. ಅದೇ ಮೊದಲ ಸಲ ಅಡಿಗೆಮನೆ ಬಿಟ್ಟು ಬೇರೆ ಕಡೆ ಕೂತದ್ದು.

ಅವರು ನೀರಿನ ತಂಬಿಗೆಯನ್ನು ಮುಟ್ಟಲೇ ಇಲ್ಲ. ನಾನು ಕೇಳಬೇಕಾದದ್ದನ್ನು ಕೇಳಿದೆ. ಎದ್ದು ಬಾಗಿಲು ಎಳೆದು ಬಂದು ಕೂತರು. ಆಮೇಲೆ, ಗೋಡೆಗೆ ಹೇಳಿದಂತೆ ಹೇಳಿದರು:

"ನನ್ನ ಮೈದುನ ಎದುರು ಪಾರ್ಟಿಗೆ ಹೋಗ್ಯಾನ್ರಿ. ಮೊದಲ ಹೊಲದ ಬಾಂದದ ತಂಟೆ ಇತ್ತು ಅಣ್ಣ ತಮ್ಮಗ. ಈಗ ಇದೊಂದು ಕೂಡೇತಿ. ನಾ ಸೊಸಿಯಾಗಿ ನಡ್ಯಾಕ ಬಂದಾಗ ಅವ ಇಷ್ಟಿದ್ದ. ನನ್ನ ಕೈಲೆ ಉಂಡು ದೊಡ್ಡಾವ ಆಗ್ಯಾನ. ಇವರು ಕೆಟ್ಟಾವ್ರಲ್ರಿ, ಸಿಟ್ಟು ಬಂದ್ರ ಮಾತ್ರ... ಬ್ಯಾಡ ಅಂತ ಹೇಳ್ರಿ. ನಾ ಹೇಳೀನಂತ ಮಾತ್ರ ಗೊತ್ತಾಗಬಾರದು. ಗೊತ್ತಾದ್ರ ನಾ ಆ ಮನ್ಯಾಗ ಇರಾಕಾಗೂದಿಲ್ಲ."

ನನ್ನ ಕೈ ಹಿಡಿದುಕೊಂಡರು. ಗಟ್ಟಿಯಾದ, ಕೆಲಸದ ಕೈ.

ಮಜ್ಜಿಗೆ ತರಲೆಂದು ನಾನು ಅಡಿಗೆಮನೆಗೆ ಬಂದೆ. ಅತ್ತೆಯವರು ಖಾಲಿ ತಾಟು ಹಿಡಿದು ಕಿಂಡಿಯ ಹತ್ತಿರ ನಿಂತಿದ್ದರು.

"ಯಾಲಕ್ಕಿ ಹಾಕಿ ಚಾ ಕೊಟ್ಟೆ ನೋಡ್ವಾ. ನೀ ದಿನಾ ಬಂದ ಮಂದಿಗೆಲ್ಲಾ ಮಜ್ಜಿಗಿ ಸುರೀತಿ. ಅಂಥಾ ದೊಡ್ಡವ್ರಿಗೆ ಯಾರರೆ ಮಜ್ಜಿಗಿ ಕೊಡ್ತಾರೇನು?"

ಕಿಂಡಿಯಿಂದ ನೋಡಿದೆ. ಸರಪಳಿ ಕಳಚಿತ್ತು. ಮೇಜಿನ ಹಸಿರು ಬಟ್ಟೆಯ ಮೇಲೆ ಬಂದೂಕು ಮಲಗಿತ್ತು. ಕಾಕಾ ದಫ್ತರ ತೆರೆದು ಪೆನ್ನಿನ ಟೊಪ್ಪಿಗೆ ತೆಗೆಯುತ್ತಿದ್ದರು. ಎರಡು ಲೋಟಕ್ಕೆ ಮಜ್ಜಿಗೆ ಸುರಿದೆ; ಅರ್ಧ ನೆಲಕ್ಕೇ ಹೋಯಿತು. ಅತ್ತೆಯವರು "ಏ, ಏ ಹುಚ್ಚಿ!" ಎನ್ನುತ್ತಿರುವಾಗಲೇ ಕಿಂಡಿಯಲ್ಲಿ ಇಟ್ಟೆ.

ಕಾಕಾ ಲೋಟಗಳನ್ನು ನೋಡಿದರು. ನಿಬ್ಬು ಕಾಗದಕ್ಕೆ ಮುಟ್ಟುವುದರಲ್ಲಿತ್ತು. ಅಲ್ಲೇ ನಿಂತಿತು.

"ಚಾ ಕುಡದ ಬಾಯಿಗೆ ಮಜ್ಜಿಗಿ ಏನ್ರಿ? ಹೊಟ್ಟಿ ಕೆಡಸಬೇಕಂತ ಮಾಡೀರೇನು?" ಧಣಿ ಇನ್ನೂ ನಗುತ್ತಿದ್ದರು.

ಕಾಕಾ ಪೆನ್ನಿಗೆ ಟೊಪ್ಪಿಗೆ ಹಾಕಿದರು. "ತಪ್ಪಾತ್ರಿ ಧಣ್ಯಾರ. ಈ ಮಾಲು ಬ್ಯಾರೆಯವ್ರಿಗೆ ಮಾತಾಗೇತಿ. ಮರತಿದ್ದೆ."

"ಯಾರಿಗೆ?"

"ಹೆಸರು ಹೇಳಾಕ ಬರೂದಿಲ್ರಿ."

ಧಣಿಯ ಕಣ್ಣು ಗಾಜಿನ ಕಪಾಟಿನ ಕಡೆ ಹೋಯಿತು. "ಅಲ್ಲಿ ನಾಕು ನಿಂತಾವಲ್ಲ. ಅವೂ ಮಾತಾಗ್ಯಾವೇನು?"

"ಅವೂ ಆಗ್ಯಾವ್ರಿ."

ನಗು ನಿಂತಿತು. ಧಣಿ ಬಂದೂಕನ್ನು ಒಂದು ಬೆರಳಿನಿಂದ ಆಚೆ ಸರಿಸಿ ಎದ್ದರು. ಅವರ ಹೆಂಡತಿ ತಲೆ ತಗ್ಗಿಸಿ ಜೀಪು ಹತ್ತಿದರು. ಸೆರಗು ಸರಿಯಲಿಲ್ಲ, ಮುಖ ಕಾಣಲಿಲ್ಲ.

ಒಂದು ವಾರದಲ್ಲಿ ಕಾಕಾನ ಮೇಲೆ ಧಣಿಯ ತಕರಾರು ಅರ್ಜಿ ಹೋಯಿತು. ತಾಲೂಕಿನ ಮಾಮಲೇದಾರರೂ ಪೊಲೀಸ್ ಫೌಜದಾರರೂ ಕೂಡಿ ಅಂಗಡಿಗೆ ಬಂದರು. ಬಂದೂಕುಗಳ ನಂಬರು, ತೋಟಾಗಳ ಲೆಕ್ಕ, ಎಲ್ಲ ದಫ್ತರಕ್ಕೆ ಸರಿಯಾಗಿ ತಾಳೆಯಾಯಿತು. ಅದೇ ತಪ್ಪಾಯಿತು. ಐದು ಬಂದೂಕು ಇವೆ, ಯಾರಿಗೂ ಕೊಟ್ಟ ಮಾತಿನ ಬರಹ ಇಲ್ಲ. ಲೈಸೆನ್ಸು ಇದ್ದವರಿಗೆ ಇಲ್ಲ ಅಂದಿರಿ. ಹಾಗಾದರೆ ಯಾರಿಗೆ ಇಟ್ಟಿರಿ? ಚುನಾವಣೆಗೆ ಕಳ್ಳದಾರಿಯಿಂದ ಯಾರಿಗಾದರೂ ಕೊಡುವವರೇ? ಕಿಂಡಿಯ ಬಾಗಿಲ ಹಿಂದೆ ನಿಂತು ನಾನು ಎಲ್ಲ ಕೇಳುತ್ತಿದ್ದೆ.

"ಹೇಳ್ರಿ ಕಾಕಾ. ಕಾರಣ ಇದ್ರ ಹೇಳ್ರಿ, ಬರಕೋತೀವಿ" ಎಂದರು ಮಾಮಲೇದಾರರು. ಒಳ್ಳೆಯ ಮನುಷ್ಯರು, ದನಿಯಲ್ಲಿ ಬೇಡಿಕೆಯೇ ಇತ್ತು. "ಇಲ್ಲಂದ್ರ ನಿಮ್ಮ ಲೈಸೆನ್ಸ ಮುಂದ ನಡಿಯೂದಿಲ್ಲ."

"ವಯಸ್ಸಾತ್ರಿ ಸಾಹೇಬ್ರ. ಮರವು."

ನಾನು ಸೆರಗು ಹೊದ್ದುಕೊಂಡೆ. ಹೋಗಿ ಹೇಳಿಬಿಡುವುದು, ನಡೆದದ್ದು ಇಷ್ಟು ಎಂದು. ಹೊಸ್ತಿಲವರೆಗೆ ಹೋಗಿದ್ದೆ. ಆಗ ಗೋಡೆಯ ಆಚೆಯಿಂದ ಕಾಕಾನ ದನಿ ಬಂತು. ಎಂದೂ ಅಷ್ಟು ಗಟ್ಟಿಯಾಗಿ ಮಾತಾಡಿದವರಲ್ಲ.

"ತಂಗೀ... ಸಾಹೇಬ್ರಿಗೆ ಮಜ್ಜಿಗಿ ಕಳಸ್ವಾ."

ಅದು ನನಗೆ ಹೇಳಿದ 'ಬೇಡ'. ತಿರುಗಿ ಬಂದು ಮಜ್ಜಿಗೆ ಕಳಿಸಿದೆ. ಮೂರು ಲೋಟ.

ಅದೇ ತಿಂಗಳು ಪೇಟೆಯ ಸಭೆಯಲ್ಲಿ ಧಣಿ ಭಾಷಣ ಮಾಡಿದರು. "ಪ್ಯಾಟಿ ನಡುವ ಬಂದೂಕು ಮದ್ದಿನ ಅಂಗಡಿ ಯಾಕ ಬೇಕು? ಮಂದಿ ಜೀವಕ್ಕ ಯಾರು ಹೊಣಿ? ಇಂಥಾ ಅಂಗಡಿಗೋಳ ಮ್ಯಾಲ ಸರಕಾರ ಬಿಗಿ ಮಾಡ್ಬೇಕು." ಜನ ಚಪ್ಪಾಳೆ ಹೊಡೆದರು. ನಮ್ಮ ಅತ್ತೆಯವರೂ "ಖರೇ ಹೇಳ್ಯಾರವಾ" ಎಂದರು. ಆ ಮಾತು ತಪ್ಪೆಂದು ನನಗೆ ಇವತ್ತಿಗೂ ಹೇಳಲು ಬರುವುದಿಲ್ಲ. ಹೇಳಿದವರ ಬಾಯಿ ಮಾತ್ರ... ಇರಲಿ.

ವರ್ಷದ ಕೊನೆಗೆ ವಿಜಾಪುರದಿಂದ ಕಾಗದ ಬಂತು: ಪರವಾನಿಗೆ ಮುಂದುವರಿಸಲಾಗಿಲ್ಲ. ಬಂದೂಕುಗಳನ್ನು ಒಯ್ಯಲು ಗಾಡಿ ಬರುವ ಹಿಂದಿನ ದಿನ ಕಾಕಾ ಐದನ್ನೂ ಬಿಚ್ಚಿ, ಒರೆಸಿ, ಎಣ್ಣೆ ಹಚ್ಚಿದರು. ಸಂಜೆಯವರೆಗೂ ಆ ವಾಸನೆ ನಮ್ಮ ಒಲೆಯ ಹೊಗೆಯ ಜೋಡಿ ಕೂಡಿಕೊಂಡಿತ್ತು. ಧಣಿ ಅಷ್ಟರಲ್ಲೇ ಬೇರೆ ಊರಿನಿಂದ ಬಂದೂಕು ತಂದಾಗಿತ್ತು ಎಂದು ಸುದ್ದಿ ಬಂತು. ಅಲ್ಲಿ ಹೆಂಡತಿಯನ್ನು ಕರೆತರಬೇಕೆಂದು ಯಾರೂ ಹೇಳಿರಲಿಕ್ಕಿಲ್ಲ.

ಕಾಕಾ ಅದೇ ಅಂಗಡಿಯಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುತ್ತ ಕೂತರು. ಅದೇ ಡಬ್ಬಿ, ಅದೇ ಎಣ್ಣೆ, ಅದೇ ಅರಿವೆ. ನನ್ನ ಯಂತ್ರವನ್ನು ತಿಂಗಳಿಗೊಮ್ಮೆ ಕೇಳದೆಯೇ ನೋಡಿಕೊಡುತ್ತಿದ್ದರು. ಒಂದು ದಿನ ತಡೆಯದೆ ಕೇಳಿದೆ.

"ಖರೆ ಹೇಳಿದ್ರ ಅಂಗಡಿ ಉಳೀತಿತ್ತಲ್ರಿ ಕಾಕಾ?"

"ಉಳೀತಿತ್ತು." ಗಾಲಿಯನ್ನು ಒಂದು ಸುತ್ತು ತಿರುಗಿಸಿ ಕಿವಿಗೊಟ್ಟು ಕೇಳಿದರು. "ಆಕಿ?"

ಅಷ್ಟೇ. ಅತ್ತೆಯವರ ಚಹಾದಿಂದ ಆದದ್ದನ್ನು ನಾವಿಬ್ಬರೂ ಅವರಿಗೆ ಹೇಳಲಿಲ್ಲ. ಕಡೆಯವರೆಗೂ ಅವರು, "ಪಾಪ, ಕಾಕಾನ ಅಂಗಡಿಗೆ ಯಾರ ಕಣ್ಣು ಬಿತ್ತೋ" ಎನ್ನುತ್ತಿದ್ದರು. ಒಂದು ಶ್ರಾವಣದಲ್ಲಿ, ಎಂಬತ್ತರ ದಶಕ ಮುಗಿಯುತ್ತ ಬಂದಾಗ, ಕಾಕಾ ಮಲಗಿದಲ್ಲೇ ಹೋದರು. ಟೋಪಿ ಗೂಟದಲ್ಲಿತ್ತು. ಹುಕುಂಗಳ ತಂತಿ ಹಾಗೇ ತೂಗುತ್ತಿತ್ತು.

ಅದಾಗಿ ಎಷ್ಟೋ ವರ್ಷಕ್ಕೆ, ಅಣೆಕಟ್ಟಿನ ಹಿನ್ನೀರಿನಲ್ಲಿ ಊರು ಮುಳುಗುವ ನೋಟೀಸು ಬಂತು. ಎಲ್ಲರೂ ಪಾತ್ರೆ ಪಗಡ ಕಟ್ಟುತ್ತಿದ್ದೆವು. ಒಂದು ಮಧ್ಯಾಹ್ನ, ದೊಡ್ಡ ಕೆಂಪು ಸೆರಗಿನ ಒಬ್ಬ ಹೆಂಗಸು ಬಾಗಿಲಲ್ಲಿ ನಿಂತರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಕೈಯಲ್ಲಿ ಕುಂಕುಮದ ಭರಣಿ, ಲಗ್ನಪತ್ರಿಕೆ. ನಾನು ಒಮ್ಮೆಗೇ ಗುರುತಿಸಲಿಲ್ಲ. ಕೈ ಹಿಡಿದಾಗ ಗುರುತು ಹತ್ತಿತು.

"ಮೈದುನನ ಮಗಳ ಲಗ್ನ ಐತ್ರಿ. ಬಾಜೂಕಿನ ಅಂಗಡಿ ಹಿರ್ಯಾರನ್ನೂ ಕರೀಬೇಕಾಗಿತ್ತು. ಎಲ್ಲಿ ಅದಾರ?"

ಹೇಳಿದೆ. ಅವರು ಕಟ್ಟಿಟ್ಟ ಗಂಟುಗಳ ನಡುವೆ, ಈ ಸಲ ಒಲೆಯ ಮುಂದೆಯೇ, ಕುಳಿತರು. ಕಿಂಡಿಯನ್ನು ನೋಡುತ್ತ ಮೆಲ್ಲಗೆ ಮಾತಾಡಿದರು.

"ಹಿರ್ಯಾರು ಇಲ್ಲ ಅಂದ್ರೂ ಬಂದೂಕ ಬಂತ್ರಿ ಮನಿಗೆ. ಇಲೆಕ್ಷನ್ ಮುಗದ ಮ್ಯಾಲ ಒಂದಿನ ನಮ್ಮವರು ಅದನ್ನ ತಗದೂ ಇದ್ರು. ಮೈದುನ ಅಂಗಳದಾಗ ನಿಂತಿದ್ದ. ನಾ ನಡುವ ಹೋಗಿ ನಿಂತೆ. ಬ್ಯಾಡ ಅಂದೆ. ಹ್ಯಾಂಗ ಅಂದ್ನೋ, ದೇವರಿಗೇ ಗೊತ್ತು... ಒಮ್ಮೆ ಇಲ್ಲಿ ಕುಂತು ಬ್ಯಾಡ ಅಂದಿದ್ದೆನಲ್ರಿ. ಅದಕ್ಕ ಎರಡನೇ ಸಲ ಬಾಯಿ ಬಂತು. ಅಷ್ಟು ಹಿರ್ಯಾರಿಗೆ ಹೇಳಬೇಕಿತ್ತು."

ಎಷ್ಟು ಹೆಂಗಸರ ಉತ್ತರವನ್ನು ಆ ಕಿಂಡಿಯಿಂದ ದಾಟಿಸಿದವಳು ನಾನು. ಇದೊಂದನ್ನು ದಾಟಿಸಲು ಆಚೆ ಯಾರೂ ಇರಲಿಲ್ಲ.

ಈಗ ನಾವು, ಮುಳುಗಡೆಯವರಿಗೆಂದು ಕಟ್ಟಿದ ನವನಗರದಲ್ಲಿದ್ದೇವೆ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಹಳೆಯ ಓಣಿಯ ಕೆಲವು ಕಟ್ಟೆಗಳು ಮೇಲೆ ಕಾಣುತ್ತವೆ; ಅದರಲ್ಲಿ ನಮ್ಮದು ಯಾವುದೆಂದು ಗೊತ್ತಾಗುವುದಿಲ್ಲ. ಕೆಲವು ಸಲ ಕನಸಿನಲ್ಲಿ ಆ ಕಿಂಡಿಯ ಬಾಗಿಲು ತೆರೆದುಕೊಳ್ಳುತ್ತದೆ. ಆಚೆ ಹಸಿರು ನೀರು, ನೀರಿನಲ್ಲಿ ಮೆಲ್ಲಗೆ ಅಲ್ಲಾಡುವ ಸರಪಳಿ, ಕಿವಿಯಲ್ಲಿ ಹತ್ತಿ ಇಟ್ಟುಕೊಂಡು ಕೂತ ಕಾಕಾ...

ರಿಪೇರಿಯವನು ಮಜ್ಜಿಗೆ ಕುಡಿದ. "ಭಾಳ ಚಲೋ ಐತ್ರಿ" ಎಂದ. ಯಂತ್ರ ತಿರುಗಿಸಿ ತೋರಿಸಿ ಹೋದ.

ಅವನು ಹೋದ ಮೇಲೆ ಏಲಕ್ಕಿ ಹಾಕಿ ಒಂದು ಲೋಟ ಚಹಾ ಮಾಡಿದೆ. ಅದು ನಾನು ಚಹಾ ಕುಡಿಯುವ ಹೊತ್ತಲ್ಲ; ದಾಟಿಸದೆ ಉಳಿದ ಒಂದು ಉತ್ತರ ಇತ್ತು. ಈ ಮನೆಯ ಅಡಿಗೆಮನೆಗೆ ಕಿಂಡಿ ಇಲ್ಲ. ಗೋಡೆತುಂಬ ಬಿಳಿಯ ಟೈಲ್ಸು. ಲೋಟ ಹಿಡಿದುಕೊಂಡು ಆ ಗೋಡೆಯ ಮುಂದೆ ನಿಂತಿದ್ದೆ, ಚಹಾ ಆರುವವರೆಗೆ.